ಮನೆಯೊಡತಿಯ ಕಣ್ಣು

ಮುಷ್ಟಿಯೊಳಗೆ ಕಲ್ಲುಪ್ಪು ನೀರೊಡೆಯುತ್ತಿದೆ, ಒಣಮೆಣಸಿನಕಾಯಿಯ ತೊಟ್ಟು ಅಂಗೈಗೆ ಚುಚ್ಚುತ್ತಿದೆ, ಇನ್ನೂ ಒಂದು ಸುತ್ತೂ ನಿವಾಳಿಸಿಲ್ಲ, ಅಶ್ವತ್ಥಮ್ಮನಿಗೆ ಕೈ ಎತ್ತುವ ಮನಸ್ಸೇ ಬರುತ್ತಿಲ್ಲ. ಎದುರಿಗೆ ಹಿತ್ತಲ ರೂಮಿನ ಬಾಡಿಗೆಯವಳು ಸುಮಂಗಲಾ, ಅವಳ ತೊಡೆಯ ಮೇಲೆ ಮಗಳು ದೀಪು, ಏಳು ವರ್ಷದ್ದು, ಜ್ವರಕ್ಕೆ ತುಟಿ ಒಡೆದು ಕಣ್ಣು ಮುಚ್ಚಿಕೊಂಡಿದೆ – ನಿನ್ನಿಯಿಂದ ಮೈ ಸುಡಾಕತ್ತೈತ್ರಿ ಅಮ್ಮಾರ, ಡಾಕ್ಟರ್ ಔಷಧಕ್ಕೂ ಇಳೀವಲ್ದು, ಯಾರ ಕಣ್ಣು ಬಿತ್ತೋ ಏನೋ, ನಿಮ್ಮ ಕೈಗುಣ ಚಲೋ ಐತಿ, ನೀವಾ ತೆಗೀರಿ. ಯಾರ ಕಣ್ಣು ಎಂದು ಇವಳು ಬಂದು ಕೇಳುವುದು ತನ್ನನ್ನೇ, ಸಿಂಗಸಂದ್ರದಲ್ಲಿ ದೃಷ್ಟಿ ತೆಗೆಯುವವರು ಬೇರೆ ಯಾರೂ ಸಿಗಲಿಲ್ಲವೇ ಇವಳಿಗೆ, ಸಿಗುವುದಿಲ್ಲ, ಹಳೇ ಊರಿನವರಲ್ಲಿ ಉಳಿದವಳು ತಾನೊಬ್ಬಳೇ, ಮಿಕ್ಕವರೆಲ್ಲ ಬಾಡಿಗೆಗೆ ಬಂದವರು. ಬಾಡಿಗೆಗೆ ಬಂದವರು – ಆ ಮಾತು ನಾಲಿಗೆಯ ಮೇಲೆ ಬೇವಿನ ಹಾಗೆ ಉಳಿಯಿತು. ಬಾಡಿಗೆಗೆ ಬಂದವರ ಮಗುವಿನ ತಲೆಯ ಮೇಲೆ ಕಿರೀಟ, ಮನೆಯವರ ಮಗು ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಂಡಿತು, ಹೋದ ಭಾನುವಾರ, ಹೊಸೂರು ರಸ್ತೆಯ ಮಾಲಿನಲ್ಲಿ, ಮಕ್ಕಳ ಫ್ಯಾಷನ್ ಸ್ಪರ್ಧೆಯಲ್ಲಿ.

ದೀಪುವನ್ನು ಕರೆದುಕೊಂಡು ಹೋಗಿದ್ದಾದರೂ ಯಾಕೆ, ಮೊಮ್ಮಗಳು ಮಂಜುಶ್ರೀ ಒಬ್ಬಳೇ ಹೆದರುತ್ತಾಳೆ, ಜೊತೆಗೊಂದು ಮಗು ಇರಲಿ ಎಂದು ಸೊಸೆ ಶೋಭಾರಾಣಿಯೇ ಅಂದಳು, ಹೆಸರೂ ಬರೆಸಿದಳು, ಬಂದ್ರೆ ಬರ್ಲಿ ಬಿಡಿ ಅತ್ತೆ, ಅದೇನು ಗೆಲ್ಲುತ್ತಾ. ಮೊಮ್ಮಗಳಿಗೆ ನಡಿಗೆ ಕಲಿಸಲು ಮನೆಗೇ ಒಬ್ಬ ಮೇಡಂ ಬರುತ್ತಿದ್ದಳು, ನಡುಮನೆ ತುಂಬ ಕನ್ನಡಿ ನಿಲ್ಲಿಸಿ, ಭುಜ ಹಿಂದೆ ಪುಟ್ಟಾ, ಕೈ ಸೊಂಟದ ಮೇಲೆ, ಯಾರು ನೋಡಿದ್ರೂ ಸ್ಮೈಲ್, ಕಣ್ಣು ಬಿತ್ತು ಅಂದ್ರೆ ಸ್ಮೈಲ್ ಬರ್ಬೇಕು – ಮಂಜು ಸೋಫಾದ ಮೇಲೆ ಬಿದ್ದುಕೊಂಡು ಕಾಲು ಝಾಡಿಸುತ್ತಿದ್ದಳು, ಆಮೇಲೆ ಮೇಡಂ, ಆಮೇಲೆ. ಈ ದೀಪುವೋ, ಮೆಟ್ಟಿಲ ಮೇಲೆ ಕೂತು ಕಿಟಕಿಯಿಂದ ನೋಡುತ್ತಿತ್ತು, ಸಂಜೆ ತಾರಸಿಯಲ್ಲಿ ಒಣಹಾಕಿದ ಸೀರೆಗಳ ನಡುವೆ ಒಂದೇ ಸಮನೆ ನಡೆಯುತ್ತಿತ್ತು, ಹೋಗುವುದು, ತಿರುಗುವುದು, ಸೊಂಟದ ಮೇಲೆ ಕೈ, ನಗು. ನೋಡಿ ನಕ್ಕಿದ್ದೆವಲ್ಲ ಆಗ, ಎಲಾ ಇವಳ, ಎಂದು. ಫ್ರಾಕು ಬೇರೆ, ಬೊಮ್ಮನಹಳ್ಳಿ ಗಾರ್ಮೆಂಟ್ಸಿನ ತುಂಡು ಬಟ್ಟೆ ಜೋಡಿಸಿ ಸುಮಂಗಲಾ ಹೊಲಿದದ್ದು, ಶೋಭಾರಾಣಿ ತಂದದ್ದು ಅಂಗಡಿಯ ಗಾಜಿನೊಳಗಿನದು, ಆದರೂ ದೀಪಗಳ ಕೆಳಗೆ ಯಾವುದು ಹೊಳೆಯಿತು, ಯಾವುದು ಹೊಳೆಯಿತು ಎಂದು ತನಗೆ ಗೊತ್ತಿಲ್ಲವೇ.

ಕಾಡಿಗೆಯ ಬೊಟ್ಟು ತಾನೇ ಇಟ್ಟು ಕಳಿಸಿದ್ದಳು ಮಂಜುವಿನ ಕೆನ್ನೆಗೆ, ಮೇಕಪ್ಪಿನವಳು ಹತ್ತಿಯಿಂದ ಒರೆಸಿ ಎಸೆದಳು, ಇದೆಲ್ಲ ಕ್ಯಾಮೆರಾದಲ್ಲಿ ಕೊಳೆ ಥರ ಕಾಣ್ಸುತ್ತೆ ಅಜ್ಜಿ. ನಮ್ಮ ಕಾಲದಲ್ಲಿ ಮಗು ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ತಿಪ್ಪಮ್ಮ ಎಂದು ಕೂಗುತ್ತಿದ್ದರು, ಕಣ್ಣು ಬೀಳದಿರಲಿ ಎಂದು. ಈಗ ಬೀಳಲಿ ಎಂದೇ ಕರೆದುಕೊಂಡು ಹೋಗುವುದು. ಮಹಡಿ ಮಹಡಿಯ ಕಟಕಟೆಗೆ ಒರಗಿ ಜನ, ಅವರಲ್ಲಿ ಎಂಥೆಂಥ ಗಂಡಸರು, ಫೋನು ಎತ್ತಿ ಹಿಡಿದು, ಮೈಕಿನವನು ತಿರುಗಮ್ಮಾ ಇನ್ನೊಂದ್ಸಲ, ಅಂಕಲ್‌ಗೆ ಒಂದು ಮುತ್ತು ಹಾರಿಸು ನೋಡೋಣ ಅಂದ, ದೀಪು ಹಾರಿಸಿತು, ಎಲ್ಲರೂ ಓ ಎಂದರು, ಅದನ್ನು ಕಂಡು ಬೆನ್ನಮೇಲೆ ಏನೋ ಹರಿದಂತಾಯಿತು ಅಶ್ವತ್ಥಮ್ಮನಿಗೆ, ಆದರೆ ಅದರ ಮೇಲೆಯೇ ಇನ್ನೊಂದು ಹರಿಯಿತಲ್ಲ – ಈ ಓ ನಮ್ಮ ಮಂಜುವಿಗೆ ಯಾಕೆ ಬರಲಿಲ್ಲ. ತನ್ನನ್ನೂ ಹೀಗೇ ನಡೆಸಿದ್ದರು, ಹೆಣ್ಣು ನೋಡಲು ಬಂದವರು, ನಡೆದು ತೋರ್ಸಮ್ಮ, ಕುಂಟಿಯೋ ಏನೋ, ಜಡೆ ಬಿಚ್ಚಮ್ಮ, ಚೌರಿಯೋ ಏನೋ, ಆಗ ತನಗೆ ಹದಿನಾರು ತುಂಬಿತ್ತು, ಇವಕ್ಕೆ ಹಾಲುಹಲ್ಲು ಬಿದ್ದ ಸಂದಿ ತುಂಬಿಲ್ಲ. ತಂಗಿ ಲಕ್ಷ್ಮಮ್ಮನನ್ನು ಅವ್ವ ಎಮ್ಮೆ ಹೊಡೆದುಕೊಂಡು ಕೆರೆ ಕಡೆ ಹೋಗೆಂದು ಅಟ್ಟಿದ್ದಳು, ಅವಳು ಬೇಗ ಬಂದುಬಿಟ್ಟಳು, ಕೆಸರುಗಾಲಲ್ಲಿ ಬಾಗಿಲಿಗೆ ಬಂದು ನಿಂತಳು, ಅಷ್ಟೇ, ಬಂದವರ ಕಣ್ಣೆಲ್ಲ ಅತ್ತ ಹೋಯಿತು, ಈ ಮಗಾ ಯಾರು. ಮದುವೆಯಾಗಿ ಬಂದ ಮೇಲೂ ಅತ್ತೆ ಬಿಡಲಿಲ್ಲ, ತಂಗೀನೇ ತಂದ್ಕಂಡಿದ್ರೆ ಮನೆಗೊಂದು ಬೆಳಕಿರೋದು. ಲಕ್ಷ್ಮಮ್ಮ ಸತ್ತು ಎಷ್ಟು ಕಾಲವಾಯಿತು, ಹೊಟ್ಟೆಯೊಳಗಿನ ಆ ಕೆಂಡ ಮಾತ್ರ ಹಾಗೇ ಇತ್ತು, ಮಾಲಿನಲ್ಲಿ ಅದನ್ನು ಯಾರೋ ಊದಿದರು, ದೀಪು ಬಗ್ಗಿ ಕಿರೀಟ ಹಾಕಿಸಿಕೊಳ್ಳುವಾಗ ತಾನು ಕಣ್ಣು ಮಿಟುಕಿಸದೆ ನೋಡಿದಳು, ಬಾಡಿಹೋಗ್ಲಿ ಎಂದು, ಬಾಯಲ್ಲಲ್ಲ, ಒಳಗೆ.

ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಲ್ಲಿಂದಲೇ ಬಂದದ್ದಲ್ಲವೇ ಮಧ್ಯಾಹ್ನ ಶೋಭಾರಾಣಿಯ ಪಿಸುಮಾತು, ಅತ್ತೆ, ಫೋನ್ ಮಾಡಿ ಕೇಳ್ದೆ, ಬರೋ ಭಾನುವಾರ ವೈಟ್‌ಫೀಲ್ಡ್‌ನಲ್ಲಿ ಫೈನಲ್ಲು, ಗೆದ್ದ ಮಗು ಬರ್ಲಿಲ್ಲ ಅಂದ್ರೆ ಎರಡನೇದನ್ನ ಕರೀತಾರಂತೆ, ಎರಡನೇದು ನಮ್ಮ ಮಂಜುನೇ ಕಣತ್ತೆ, ನೋಡಿ ಮತ್ತೆ, ಈ ಜ್ವರ ಇನ್ನೊಂದು ನಾಲ್ಕು ದಿನ. ಮಾತು ಮುಗಿಸಲಿಲ್ಲ ಅವಳು. ಮುಗಿಸಬೇಕಾಗಿಯೂ ಇರಲಿಲ್ಲ. ಸುಮ್ಮನೆ ಕೈ ಆಡಿಸಿ ಕಳಿಸಿದರಾಯಿತು, ಬಾಯಲ್ಲಿ ಏನೂ ಅನ್ನದೆ, ಯಾರಿಗೆ ತಿಳಿಯುತ್ತದೆ, ಸುಮಂಗಲಾ ಅಂತೂ ದೇವರ ಮುಂದೆ ಕೂತ ಹಾಗೆ ಕೂತಿದ್ದಾಳೆ. ಯಾಕ್ರಿ ಅಮ್ಮಾರ, ಕೈ ನೋಯ್ತಾವೇನ್ರಿ. ಏನಿಲ್ಲ ಕಣಮ್ಮ, ಕೂಸಿನ ತಲೆ ಒಸಿ ಇಂಗೆ ತಿರುಗ್ಸು. ಕೈ ಎತ್ತಿದಳು. ಬೀದಿ ಕಣ್ಣು, ಬಾಗಿಲ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ನಾಲಿಗೆ ತಾನಾಗಿಯೇ ಓಡುತ್ತದೆ, ಎಷ್ಟು ಮಕ್ಕಳಿಗೆ ತೆಗೆದದ್ದು, ಅಕ್ಕಪಕ್ಕದೋರ ಕಣ್ಣು, ಮನೆ – ಅಲ್ಲಿ ನಿಂತಿತು. ಮುಂದಿನ ಮಾತು ಹೊಸದಲ್ಲ, ಯಾವಾಗಲೂ ಅನ್ನುವುದೇ, ಮನೆಯೋರ ಕಣ್ಣು, ಅಂದು ಥೂ ಎಂದು ಉಗಿದರೆ ಮುಗಿಯಿತು, ಇವತ್ತು ತನ್ನ ಕಣ್ಣನ್ನು ತಾನೇ ಕರೆದು ತಾನೇ ಉಗಿಯಬೇಕು, ಅಂದುಬಿಟ್ಟರೆ ಈ ಕೂಸು ಏಳುತ್ತದೆ, ಎದ್ದರೆ ಭಾನುವಾರ ಮತ್ತೆ ಅಲ್ಲಿ ನಿಲ್ಲುತ್ತದೆ, ಮತ್ತೆ ಮಹಡಿ ತುಂಬ ಆ ಫೋನುಗಳು, ಅನ್ನದಿದ್ದರೆ ಅಲ್ಲಿ ನಿಲ್ಲುವುದು ನಮ್ಮ ಮಂಜು, ಮುತ್ತು ಹಾರಿಸುವುದು ನಮ್ಮ ಮಂಜು – ಅಯ್ಯೋ ಶಿವನೇ, ಯಾವುದನ್ನು ಬೇಡಿಕೊಳ್ಳುತ್ತಿದ್ದೇನೆ ನಾನು.

ಬಗ್ಗಿ ಮಗುವಿನ ಮುಖವನ್ನೇ ನೋಡಿದಳು. ಅದು ಕಣ್ಣು ಬಿಟ್ಟಿತು. ಜ್ವರದ ಕೆಂಪು ಕಣ್ಣು, ಯಾರೆಂದು ಗುರುತು ಹಿಡಿಯಲಿಲ್ಲ, ಯಾರೋ ನೋಡುತ್ತಿದ್ದಾರೆ ಎಂಬುದಷ್ಟೇ ಹಿಡಿಯಿತು, ಒಡೆದ ತುಟಿ ಎಳೆದುಕೊಂಡು ಹಲ್ಲು ಬಿಚ್ಚಿತು, ಹೊದಿಕೆಯೊಳಗೆ ಕೈ ತಡವರಿಸಿ ಸೊಂಟ ಹುಡುಕಿತು, ನಗು ಬಂತು. ಬ್ಯಾಡ ಮಗಾ, ನಗಬ್ಯಾಡ, ಯಾರೂ ನೋಡ್ತಿಲ್ಲ ಕಣವ್ವ, ಎಂದಳು ಅಶ್ವತ್ಥಮ್ಮ, ನೋಡುತ್ತಲೇ, ತುಟಿಯ ಬಿರುಕಿನಿಂದ ಒಂದು ಹನಿ ರಕ್ತ ಹೊರಟಿತು, ಅದರ ಮೇಲೆಯೂ ಆ ನಗು ಹಾಗೇ ನಿಂತಿತ್ತು, ಸೊಂಟದ ಮೇಲೆ ಕೈ, ಸೊಂಟದ ಮೇಲೆ ಆ ಪುಟ್ಟ ಕೈ