ಬಾಪಾಕ್ ಎಂಬ ಕಿಟಕಿ

ವೆನಿಂಗ್ ಮೌಸ್ ಮುಟ್ಟುವವಳೇ ಅಲ್ಲ. ಜಾವಾದ ಬಂತುಲ್‌ನ ಆ ಹಳ್ಳಿ ರೇಡಿಯೊದಲ್ಲಿ ಇದ್ದದ್ದು ಲಿನಕ್ಸ್ ಹಾಕಿದ ಒಂದೇ ಒಂದು ಹಳೇ ಕಂಪ್ಯೂಟರು. ಅದರ ಕಪ್ಪು ಪರದೆಯಲ್ಲಿ ಅವಳು ಒಂದು ಸಾಲು ಬರೆದರೆ ಸಾಕು, ಹಾಡು ಶುರುವಾಗುತ್ತಿತ್ತು, ಪರದೆಯ ಕಿಟಕಿಗಳು, ಅಂದರೆ ವಿಂಡೋಗಳು, ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

"ಮೌಸ್ ಮುಟ್ಟಿದ್ರೆ ಕೈ ಸವೆದು ಹೋಗುತ್ತಾ?" ಎಂದು ಪ್ರಸಾರ ನೋಡಿಕೊಳ್ಳುವ ತರ್ಜೊ ಕಾಲೆಳೆಯುತ್ತಿದ್ದ.

"ನಿಂಗೆ ಬರಲ್ಲ ಅಂತ ಹೊಟ್ಟೆಕಿಚ್ಚು ಮಾಸ್," ಎನ್ನುತ್ತಿದ್ದಳು. ಅಲ್ಲಿ ಅಣ್ಣನಿಗೆ ಮಾಸ್ ಎನ್ನುತ್ತಾರೆ.

ಅವಳದು ಸೊಕ್ಕು ಅಂದರೆ ಸೊಕ್ಕೇ. ಸುಳ್ಳೇಕೆ ಹೇಳಲಿ?

ಆ ಬುಧವಾರ ಅವಳ ತಂದೆ ಸುರಜಿ ಹಾಡಲು ಬಂದರು. ಮೂವತ್ತು ವರ್ಷ ಮದುವೆ ಮನೆಗಳಲ್ಲಿ ತೆಂಬಾಂಗ್ ಎಂಬ ಜಾವಾ ಪದ್ಯಗಳನ್ನು ಹಾಡಿದ ಗಂಟಲಿಗೆ ಕ್ಯಾನ್ಸರ್ ಹಿಡಿದಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. "ಯಂತ್ರದ ಮುಂದೆ ಹಾಡೋದಾ? ಥೂ!" ಎಂದು ಆಯುಸ್ಸಿಡೀ ಮುಖ ತಿರುಗಿಸಿದ್ದ ಮನುಷ್ಯ, ಈಗ ಏಳು ತಿಂಗಳ ಬಸುರಿ ಮಗಳ ಹೊಟ್ಟೆ ನೋಡಿ ಒಪ್ಪಿದ್ದರು. ಹುಟ್ಟುವ ಮಗು ಅಜ್ಜನ ದನಿ ಕೇಳಬೇಕಲ್ಲ.

ಇಪ್ಪತ್ತು ನಿಮಿಷ ಹಾಡಿದರು. ವೆನಿಂಗ್‌ಳನ್ನು ಮಲಗಿಸುತ್ತಿದ್ದ ಅದೇ ಲಾಲಿ, ಅದೇ ಎಳೆತ. ಕೊನೆಯ ಸಾಲಿಗೆ ಕೆಮ್ಮು ಬಂತು. ಕರವಸ್ತ್ರದಲ್ಲಿ ರಕ್ತವಿತ್ತು.

"ಮುಗೀತು ಗೆಂದುಕ್, ಮಗಳೇ. ಇನ್ನು ನನ್ನ ಹತ್ರ ಇಲ್ಲ," ಎಂದು ಮಗಳಿಗೆ ಪಿಸುಗುಟ್ಟಿ, ಹೊರಗಿನ ಬೆಂಚಿಗೆ ಹೋಗಿ ಕೂತರು.

ಆ ರೆಕಾರ್ಡಿಂಗಿನ ಕಿಟಕಿಗೆ ಅವಳು ಇಟ್ಟಿದ್ದ ಹೆಸರು 'ಬಾಪಾಕ್'. ಹುಟ್ಟಿದಾಗಿನಿಂದ ಅಪ್ಪನನ್ನು ಕರೆದದ್ದೇ ಹಾಗೆ, ಬೇರೇನು ಹೊಳೆದೀತು? ಆದರೆ ಊರಿನ ದೊಡ್ಡ ಮನುಷ್ಯರೆಲ್ಲರೂ ಬಾಪಾಕೇ. ಹಳ್ಳಿಯ ಮುಖ್ಯಸ್ಥರಂತೂ ಬಾಪಾಕ್ ಲುರಾ.

"ಹನ್ನೆರಡಾಯ್ತು ಕಣೇ! ಲುರಾ ಪ್ರಕಟಣೆ!" ತರ್ಜೊ ಕೂಗಿದ.

ಅಪ್ಪನ ಹಾಡನ್ನು ಆಮೇಲೆ ಉಳಿಸಿದರಾಯಿತು ಎಂದುಕೊಂಡು ಅವಳು 'ಬಾಪಾಕ್ ಲುರಾ' ಎಂಬ ಇನ್ನೊಂದು ಕಿಟಕಿ ತೆರೆದಳು. ಲುರಾ ಫೋನಿನಲ್ಲಿ ಕಸದ ಬಗ್ಗೆ ಮೂರು ನಿಮಿಷ ಕೊರೆದರು. ಮುಗಿದ ಕೂಡಲೇ ವೆನಿಂಗ್ ದಿನನಿತ್ಯದ ಸಾಲು ಬರೆದಳು: ಹೆಸರಿನಲ್ಲಿ ಬಾಪಾಕ್ ಇರುವ ಕಿಟಕಿ ಮುಚ್ಚು, ಉಳಿಸಲೇ ಎಂದು ಕೇಳಿದರೆ ಬೇಡ ಅನ್ನು. ಮೂರು ವರ್ಷದಿಂದ ಬರೆಯುತ್ತಿದ್ದ ಸಾಲು, ಬೆರಳು ತಾನಾಗಿಯೇ ಒತ್ತಿತು.

ಕಂಪ್ಯೂಟರಿಗೇನು ಗೊತ್ತು, ಯಾರ ಬಾಪಾಕ್ ಎಂದು? ಮೊದಲು ತೆರೆದದ್ದನ್ನು, ಅಪ್ಪನ ಹಾಡನ್ನು, ಉಳಿಸದೆ ಮುಚ್ಚಿತು. ಪರದೆಯಲ್ಲಿ ಲುರಾ ಉಳಿದರು.

ಅವಳು ತರ್ಜೊನನ್ನು ಕೂಗಿದಳು. ಇಬ್ಬರೂ ಕಂಪ್ಯೂಟರನ್ನೆಲ್ಲ ಜಾಲಾಡಿದರು. ಏನೂ ಸಿಗಲಿಲ್ಲ.

"ಇನ್ನೊಂದ್ ಸಲ ಹಾಡಿಸೋಣ್ವಾ?" ತರ್ಜೊ ಮೆಲ್ಲಗೆ ಕೇಳಿದ.

"ಆ ಕರವಸ್ತ್ರ ನೋಡ್ಲಿಲ್ವಾ ಮಾಸ್ ನೀನು?"

ಅಷ್ಟರಲ್ಲಿ ಸುರಜಿ ಬಾಗಿಲಲ್ಲಿ ತಲೆ ಹಾಕಿ, ಹೇಗೆ ಬಂತು ಎಂದು ಹುಬ್ಬಿನಲ್ಲೇ ಕೇಳಿದರು.

"ಚೆನ್ನಾಗ್ ಬಂದಿದೆ ಬಾಪಾಕ್," ಎಂದಳು. ಅವರು ಮಗುವಿನಂತೆ ನಕ್ಕು ಆಸ್ಪತ್ರೆಗೆ ಹೊರಟರು.

ಹದಿನೈದು ದಿನ ಕಳೆದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದವರು, ಮೊದಲು ಮಾಡಿದ ಕೆಲಸ ಸ್ಲೇಟು ತೆಗೆದುಕೊಂಡದ್ದು. 'ಹಾಕು, ಕೇಳೋಣ' ಎಂದು ಬರೆದರು.

ವೆನಿಂಗ್ ಅವರ ಕಾಲ ಬಳಿ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಬಿಕ್ಕಿದಳು. ಬಳಪ ಕಿರುಗುಟ್ಟಿತು. ಸ್ಲೇಟು ಅವಳ ಮಡಿಲಿಗೆ ಬಂತು.

'ಉಳಿದದ್ದು ಯಾವ ಬಾಪಾಕ್?'

"ಲುರಾ... ಕಸದ್ದು."

ಅವಳ ಹೆಗಲ ಮೇಲಿದ್ದ ಅಪ್ಪನ ಕೈ ಅದುರತೊಡಗಿತು. ಮೈಯೆಲ್ಲ ಕುಲುಕಾಡುತ್ತಿತ್ತು, ಸದ್ದು ಮಾತ್ರ ಇಲ್ಲ. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಬೇಕಾದರೆ ತಲೆಯೆತ್ತಿ ಮುಖ ನೋಡಬೇಕಿತ್ತು. ಅವಳಿಂದ ಆಗಲಿಲ್ಲ.