ಕೆಂಪಾಗದ ಕುಲುಮೆ

ಮೇಜಿಗೆ ಬಿಗಿದ ವೈಸು ತನ್ನೆರಡು ಉಕ್ಕಿನ ದವಡೆಗಳ ನಡುವೆ ಪಟ್ಟಿಯನ್ನು ಕಚ್ಚುವಾಗಿನ ಕಿರ್ ಸದ್ದು, ಹಲ್ಲು ಜುಮ್ಮೆನ್ನುತ್ತದೆ, ಆದರೂ ಖುಷ್ಬು ಮುಖ ಕಿವಿಚುವುದಿಲ್ಲ, ಕಿವಿಚಿದರೆ ಹೆದರಿದಳು ಅಂದುಕೊಂಡಾರು — ಹಿಟ್ನಾಳ ಹತ್ತಿರದ ಈ ಕಾರ್ಖಾನೆಯಲ್ಲಿ ಅವಳು ಹೆದರಿದ್ದನ್ನು ಯಾರೂ ಕಂಡಿಲ್ಲ, ಇವತ್ತೂ ಕಾಣುವುದು ಬೇಡ. ಕಬ್ಬಿಣಕ್ಕೆ ಅಲ್ಯೂಮಿನಿಯಂ ಬೆರೆಸಿ ಅವಳೇ ಮುಂದೆ ನಿಂತು ಎರಕ ಹೊಯ್ಸಿದ ಪಟ್ಟಿ, ಉಕ್ಕಿಗಿಂತ ಹಗುರ, ಎಷ್ಟು ಕಾದರೂ ತುಕ್ಕು ತಿನ್ನದ್ದು. ಬಾಗಿದರೆ ಕೆಲಸ ಮುಂದೆ ನಡೆಯುತ್ತದೆ, ಮುರಿದರೆ ನಾಳೆಯಿಂದ ಕುಲುಮೆ ಬೇರೆಯವರಿಗೆ ಅಂತ ಮ್ಯಾನೇಜರ್ ವಿರುಪಾಕ್ಷಿ ಹೇಳಿಬಿಟ್ಟಿದ್ದಾರೆ, ನಿಮ್ಮ ಹಟಕ್ಕ ಇನ್ನೆಷ್ಟ್ ಕರೆಂಟ್ ಸುಡೋದ್ರಿ ಮೇಡಂ, ಸುಡಲಿ, ಹಟ ತನ್ನದೇ, ಅಲ್ಲ ಅಂದವರು ಯಾರು. ಹೋದ ವಾರದ ಪಟ್ಟಿ ಬಳಪದ ಹಾಗೆ ಟಕ್ಕೆಂದು ಮುರಿದಿತ್ತು, ಮುರಿಯದೆ ಏನು ಮಾಡೀತು, ಕುಲುಮೆಯ ಹನಮಪ್ಪ ಕೆಂಪಗೆ ಕಾದ ಪಟ್ಟಿಗಳನ್ನೆಲ್ಲ ತೆಗೆದು ನೀರಿಗೆ ಅದ್ದಿಬಿಟ್ಟಿದ್ದ, ವರ್ಷಗಟ್ಟಲೆ ಉಕ್ಕು ಅದ್ದಿದ ಕೈ, ಚುಂಯ್ ಅಂತ ಹಬೆ ಎದ್ದಾಗ ಅವನ ಮುಖದಲ್ಲಿ ಎಂಥ ಸಂತೋಷ, ಗಟ್ಟಿ ಆತು ನೋಡ್ರಿ ಮೇಡಮ್ಮಾರ — ಗಟ್ಟಿಯೇನೋ ಆಗಿತ್ತು.

ಪಟ್ಟಿಯ ಒಳಗೆ ಸಾಲುಗಳು, ಪರಮಾಣುಗಳ ಸಾಲು, ಕಬ್ಬಿಣ, ಅಲ್ಯೂಮಿನಿಯಂ, ಕಬ್ಬಿಣ, ನಡುನಡುವೆ ಖಾಲಿ ಜಾಗ, ಕಾಯಿಸಿದಷ್ಟೂ ಖಾಲಿ ಹೆಚ್ಚು, ಥಟ್ಟನೆ ತಣಿಸಿದರೆ ಅಷ್ಟೂ ಅಲ್ಲಲ್ಲೇ ಸಿಕ್ಕಿಬೀಳುತ್ತವೆ, ಪಟ್ಟಿ ಬಾಗಲಾರದೆ ಮುರಿಯುತ್ತದೆ. ಕುಕನೂರಿನ ಈದ್ಗಾ, ಹಬ್ಬದ ನಮಾಜು, ಹೊರಗೆ ಬೇವಿನ ಕಟ್ಟೆಯ ಮೇಲೆ ಪುಟ್ಟ ಖುಷ್ಬು, ಒಳಗೆ ಬಿಳಿ ಟೋಪಿಗಳ ಸಾಲು, ಮುಂದಿನಿಂದ ಇಮಾಮರ ದನಿ, ನಡುವ ಜಾಗ ಬಿಡಬ್ಯಾಡ್ರಿ, ಸರೀರಿ, ಆ ಕಡಿ ಸರೀರಿ, ಅವಳಪ್ಪ ಮದಾರಸಾಬ ಒಂದು ಹೆಜ್ಜೆ ಪಕ್ಕಕ್ಕೆ, ಅಪ್ಪ ಬಿಟ್ಟ ಜಾಗಕ್ಕೆ ಇನ್ನೊಬ್ಬರು, ಖಾಲಿ ಜಾಗ ಸರಿಯುತ್ತ ಸರಿಯುತ್ತ ಸಾಲಿನ ತುದಿಗೆ ಹೋಗಿ ಇಲ್ಲವಾಗುತ್ತದೆ — ಪರಮಾಣುವಿಗೂ ಅಷ್ಟೇ ಬೇಕು, ಸರಿಯಲು ಸಣ್ಣ ಕಾವು, ಸರಿಯಲು ಪುರುಸೊತ್ತು. ಹನಮಪ್ಪನ ಕೈಯಲ್ಲಿ ಅವತ್ತೇ ನೀರು ಕುಡಿದಿದ್ದ ಇನ್ನೊಂದು ಪಟ್ಟಿಯನ್ನು ಈ ಸೋಮವಾರ ಮತ್ತೆ ಕುಲುಮೆಗೆ ಇಡಿಸಿದಳು, ನಾನೂರೇ ಡಿಗ್ರಿ, ಇವತ್ತು ಬೆಳಿಗ್ಗೆಯವರೆಗೆ, ಆರಿಸದೆ. ಹನಮಪ್ಪ ದಿನಾ ಕಿಂಡಿಗೆ ಕಣ್ಣಿಟ್ಟು ನೋಡುವನು, ಕೆಂಪ ಬಣ್ಣನ ಬಂದಿಲ್ಲಲ್ರಿ, ರೊಟ್ಟಿ ಬೇಯ್ಸಾಕ ಇಟ್ಟೀರೇನು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆದರೂ ಒಂದು ಡಿಗ್ರಿ ಏರಿಸಲಿಲ್ಲ, ಏರಿಸಲಿಲ್ಲ ಅನ್ನುವುದೇ ಅವಳಿಗೆ ಹೆಮ್ಮೆ.

ಅದೇ ಪಟ್ಟಿ ಈಗ ವೈಸಿನಲ್ಲಿ, ಅವಳೇ ಬಾಗಿಸಿದರೆ ಹೆಣ್ಣಿನ ಕೈ, ಜೋರು ಹಾಕಿಲ್ಲ ಅಂದಾರು, ಬೇಡ, ಕಾಕಾ, ನೀವ ಜಗ್ಗ್ರಿ, ನಿಮ್ಮ ತಾಕತ್ತೆಲ್ಲಾ ಹಾಕಿ ಜಗ್ಗ್ರಿ — ಹನಮಪ್ಪ ಪಟ್ಟಿಯ ತುದಿಗೆ ಪೈಪು ಸಿಕ್ಕಿಸಿ ಕಾಲು ಊರುತ್ತಾನೆ, ಮುರೀತೈತಿ ನೋಡು ಅಂತ ಹಿಂದೆ ಯಾರೋ, ಅವಳ ಕಿವಿ ಟಕ್ಕೆನ್ನುವುದಕ್ಕೆ ಕಾಯುತ್ತದೆ, ಪಟ್ಟಿ ಬಾಗುತ್ತದೆ, ಇನ್ನೂ ಬಾಗುತ್ತದೆ, ವಿರುಪಾಕ್ಷಿ ಏನೋ ಹೇಳುತ್ತಿದ್ದಾರೆ, ಛಲೋ ಅಂದರೋ, ಕುಲುಮೆ ನಿಮಗ ಇರ್ಲಿ ಅಂದರೋ, ಅವಳಿಗೆ ಅದು ಬೇಕಿಲ್ಲ ಈಗ, ಹನಮಪ್ಪ ಪೈಪು ಕೆಳಗಿಟ್ಟಿದ್ದಾನೆ, ಸುಟ್ಟು ಕಪ್ಪಾದ ಹೆಬ್ಬೆರಳನ್ನು ಪಟ್ಟಿಯ ಬಾಗಿದ ಬೆನ್ನಿನ ಮೇಲೆ ಆಡಿಸುತ್ತಾನೆ, ಬಿರುಕು ಹುಡುಕುತ್ತಾನೆ, ಸಿಗುವುದಿಲ್ಲ, ಹಿಂದಕ್ಕೆ ಬಂದು ಮತ್ತೆ ಹುಡುಕುತ್ತಾನೆ, ಮತ್ತೆ, ಹೆಬ್ಬೆರಳು, ಬಾಗಿದ ಬೆನ್ನು, ಮತ್ತೆ ಅವನ ಹೆಬ್ಬೆರಳು