ಇಪ್ಪತ್ನಾಲ್ಕು ವರ್ಷ ಎಲ್ಲಿ ಹೋದವು?

ಶಾಂತಿನಾಥ ತೀರಿಕೊಂಡಾಗ ಸಾಂಗ್ಲಿವಾಡಿಯ ಆ ಓಣಿಗೆ ಬಂದವರೆಲ್ಲ ಒಂದೇ ಮಾತು ಆಡಿ ಹೋದರು: "ಆಯುಷ್ಯ ಅಷ್ಟೇ ಇತ್ತು." ನಲವತ್ತಾರು ವರ್ಷದ ಗಟ್ಟಿಮುಟ್ಟಾದ ಮನುಷ್ಯ. ದಿನಾ ಸೇತುವೆ ದಾಟಿ ಸಾಂಗ್ಲಿಯ ಅರಿಷಿಣ ಪೇಟೆಗೆ ಹೋಗುತ್ತಿದ್ದವನು ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ. ಬಾಯಿ ಸೊಟ್ಟಗಾಯಿತು, ಬಲಗೈ ಬಲಗಾಲು ಬಿದ್ದುಹೋದವು, ಮೂರನೇ ದಿನ ಜೀವ ಹೋಯಿತು. ಇಂಥ ಸಾವಿಗೆ ಆಯುಷ್ಯ ಅನ್ನುವುದು ಬಹಳ ಅನುಕೂಲದ ಮಾತು. ಆಡಿದವರು ಮುಂದೆ ಏನೂ ಕೇಳಬೇಕಾಗಿಲ್ಲ, ಮನೆಯವರು ಏನೂ ಹೇಳಬೇಕಾಗಿಲ್ಲ.

ಅವನ ಹೆಂಡತಿ ಶಾಲನಳಿಗೂ ಹೇಳುವ ಮನಸ್ಸಿರಲಿಲ್ಲ.

ತಿಂಗಳ ಮೇಲೆ ಒಂದು ಮಧ್ಯಾಹ್ನ ನರ್ಸ್ ಕೃಷ್ಣವ್ವ ಬಂದಳು. ಲಿಂಗನೂರಿನ ಹೆಣ್ಣುಮಗಳು, ಓಣಿಗೆಲ್ಲ ಪರಿಚಯದ 'ನರ್ಸ್ ಬಾಯಿ'. ಸಾಂಗ್ಲಿ, ಮಿರಜ ಸೇರಿ ಮಹಾನಗರಪಾಲಿಕೆಯಾಗಿ ಆಗ ನಾಲ್ಕಾರು ವರ್ಷ. ಹೊಲವಿದ್ದಲ್ಲಿ ಪ್ಲಾಟು ಬಿದ್ದಿದ್ದವು, ಮನೆಮನೆಗೆ ಮೋಟಾರ್ ಸೈಕಲ್ ಬಂದಿದ್ದವು. ಊರು ಭರಭರ ಬೆಳೆಯುತ್ತಿತ್ತು. ಆದರೆ ಆ ಊರಲ್ಲಿ ಯಾರು ಯಾತಕ್ಕೆ ಸಾಯುತ್ತಿದ್ದಾರೆ ಅಂತ ಕೇಳಿದರೆ ಸರಿಯಾಗಿ ಹೇಳುವವರು ಇರಲಿಲ್ಲ. ಅದನ್ನೇ ಕೇಳಿ ಬರೆದುಕೊಳ್ಳಲು ಪಾಲಿಕೆ ಅವಳನ್ನು ಕಳಿಸಿತ್ತು.

"ಬರ್ರಿ ಬಾಯಿ, ಕುಂದ್ರಿ," ಅಂದಳು ಶಾಲನ.

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ವರ್ಷ ಓಣ್ಯಾಗ ಸತ್ತವರ ಎಲ್ಲಾರ ಮನೀಗೂ ಹೊಂಟೇನಿ. ಯಜಮಾನ್ರಿಗೆ ಏನಾಗಿತ್ತು?"

ಶಾಲನ ಉತ್ತರಿಸುವ ಮುಂಚೆ ಅಲ್ಲೇ ಕುಳಿತಿದ್ದ ಮೈದುನ ಜಿನೇಂದ್ರ ಹೇಳಿಬಿಟ್ಟ, "ಹೃದಯ ನಿಂತು ಹೋದ್ರು ಅಂತ ಬರೀರಿ. ಆತು."

"ಸತ್ತವರು ಯಾರೇ ಇರಲಿ, ಹೃದಯ ನಿಂತೇ ನಿಂತಿರ್ತದರಿ ಅಣ್ಣಾ. ಅದು ಕಾರಣ ಅಲ್ಲ, ಅದ ಸಾವು. ನಾ ಕೇಳಾಕತ್ತಿದ್ದು ಅದು ಯಾಕ ನಿಂತು ಅಂತ."

ಜಿನೇಂದ್ರ ಅಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವನು, ಸಿಟ್ಟು ಮೂಗಿನ ತುದಿಯಲ್ಲೇ. "ಸತ್ತವರನ್ನ ಎಣಿಸಿ ಏನ ಮಾಡ್ತೀರಿ ನೀವು? ಎಣಿಸಿದ್ರ ನಮ್ಮ ಅಣ್ಣ ಎದ್ದ ಬರ್ತಾನೇನು?"

"ಬರಾಂಗಿಲ್ಲರಿ," ಅಂದಳು ಕೃಷ್ಣವ್ವ. "ಬರೇ ತಲಿ ಎಣಿಸಿದ್ರ ಏನೂ ತಿಳಿಯಾಂಗಿಲ್ಲ. ಅದಕ್ಕ ನಾವು ಕಳಕೊಂಡ ಆಯುಷ್ಯದ ವರ್ಷ ಎಣಿಸ್ತೀವಿ. ಎಪ್ಪತ್ತರ ತನಕಾರ ಬದುಕಬೇಕಿತ್ತು ಅಂತ ಒಂದ ಗುರ್ತು ಇಟಗೊಂಡೇವಿ. ನಿಮ್ಮ ಆಚಿ ಮನಿ ಅಜ್ಜಾ ಎಂಬತ್ತೆರಡಕ್ಕ ಹೋದ್ರು. ಅವರ ಮುಂದ ಸೊನ್ನೆ ಬರೀತೀವಿ. ಸೇತುವಿ ಮ್ಯಾಲ ಗಾಡಿ ಬಡದು ಹೋದ ಹುಡುಗಗ ಇಪ್ಪತ್ತೆರಡು. ಎಪ್ಪತ್ತರಾಗ ಕಳೀರಿ, ನಲವತ್ತೆಂಟ ವರ್ಷ ಹೋತು. ನಿಮ್ಮ ಅಣ್ಣಂದು ಇಪ್ಪತ್ನಾಲ್ಕು. ಇವೆಲ್ಲ ಯಾವ ಯಾವ ಕಾರಣಕ್ಕ ಹೋದುವು ಅಂತ ಕೂಡಿಸಿದ್ರ, ಊರಿಗೆ ಎಲ್ಲಿ ಪೆಟ್ಟ ಬೀಳಾಕತ್ತೈತಿ ಅಂತ ಕಾಣ್ತದ. ಆಗ ಎಲ್ಲಿ ಡಾಕ್ಟರು ಬೇಕು, ಯಾವ ರಸ್ತಾಕ್ಕ ದೀಪ ಬೇಕು ಅಂತ ಗಟ್ಟಿಸಿ ಕೇಳಾಕ ಬರ್ತದ. ಎಲ್ಲಾರೂ ಹೃದಯ ನಿಂತು ಅಂತ ಬರಿಸಿದ್ರ, ಆ ಹಾಳಿ ಖಾಲಿ ಇದ್ದಂಗರಿ."

ಇಪ್ಪತ್ನಾಲ್ಕು ಅಂದದ್ದು ಶಾಲನಳ ಎದೆಗೆ ನಾಟಿತು. ಮಗಳು ಮೃಣಾಲಳ ಮದುವೆ, ಮೊಮ್ಮಕ್ಕಳು, ಇಬ್ಬರೂ ಕೂಡಿ ಹೋಗಬೇಕೆಂದಿದ್ದ ಯಾತ್ರೆ, ಎಲ್ಲ ಆ ಇಪ್ಪತ್ನಾಲ್ಕರಲ್ಲೇ ಇದ್ದವು. ಅವಳಿಗೆ ದುಃಖ ಉಕ್ಕಿ ಬಂತು. ಅದರ ಬೆನ್ನಿಗೇ ಭಯ. ಮನೆತನದಲ್ಲಿ ಬೇನೆ ಇದೆ ಅಂದರೆ ಮೃಣಾಲಳನ್ನು ನೋಡಲು ಬರುವವರು ಹಿಂದೆ ಸರಿದಾರು ಅಂತ ಮೈದುನ ಹೇಳುತ್ತಿದ್ದ. ಅವಳ ಭಯ ಬೇರೆಯೇ ಇತ್ತು.

"ಅವರಿಗೆ ಬಿಪಿ ಇತ್ತೇನರಿ?" ಕೃಷ್ಣವ್ವ ಮೆಲ್ಲಗೆ ಕೇಳಿದಳು.

ಶಾಲನ ಎದ್ದು ಒಳಗೆ ಹೋದಳು. ಕಪಾಟಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದ ಗುಳಿಗೆಯ ಪಟ್ಟಿಗಳನ್ನು ತಂದು ಕೃಷ್ಣವ್ವನ ಮುಂದೆ ಹಾಕಿದಳು. ಒಂದೂ ಒಡೆದಿರಲಿಲ್ಲ.

"ವೈನಿ!" ಅಂತ ಅತ್ತಿಗೆಯನ್ನು ತಡೆದ ಜಿನೇಂದ್ರ.

"ಹೇಳಾಕ ಬಿಡ್ರಿ ಭಾವೋಜಿ. ನನಗ ತಡಕೊಳ್ಳಾಕ ಆಗವಲ್ದು. ಬಾಯಿ, ಡಾಕ್ಟರು ರಾತ್ರಿ ಮಲಗುವಾಗ ಒಂದ ಗುಳಗಿ ಅಂದಿದ್ರು. ಚಾತುರ್ಮಾಸದಾಗ ನಮ್ಮ ಮನ್ಯಾಗ ಹೊತ್ತ ಮುಳುಗಿದ ಮ್ಯಾಲ ನೀರೂ ಮುಟ್ಟಾಂಗಿಲ್ಲ. ಅವರು ಗುಳಗಿ ಕೈಯಾಗ ಹಿಡಕೊಂಡು ಏನ ಮಾಡ್ಲಿ ಅಂತ ನನ್ನ ಕೇಳಿದ್ರು. ನಾಲ್ಕ ತಿಂಗಳಿಗೆ ಏನಾಗ್ತದ, ನೇಮ ಮುರೀಬ್ಯಾಡ್ರಿ ಅಂತ ನಾನ ಅಂದೆ. ನಾನ ಅಂದೆ ಬಾಯಿ." ಅವಳು ಸೆರಗನ್ನು ಬಾಯಿಗೊತ್ತಿ ಅತ್ತಳು.

ಕೃಷ್ಣವ್ವ ಅವಳ ಕೈ ಹಿಡಿದು ಕುಳಿತಳು. ಅಳಬೇಡಿ ಅನ್ನಲಿಲ್ಲ. ಅಳುವಂಥ ಮಾತೇ ಅದು.

ಅತ್ತು ಮುಗಿಸಿ ತಲೆ ಎತ್ತಿದ ಶಾಲನಳಿಗೆ ಮೈದುನನ ಮುಖ ಕಂಡಿತು. ಬಿಳಿಚಿಕೊಂಡಿತ್ತು. ಹೋದ ವರ್ಷ ಅಣ್ಣನೇ ಅವನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ಅವಳಿಗೆ ಥಟ್ಟನೆ ನೆನಪಾಯಿತು.

"ಭಾವೋಜಿ, ನಿಮ್ಮ ಗುಳಗಿ?"

"ನಂದೂ ರಾತ್ರೀದ," ಅಂದ ಅವನು. "ಆಷಾಢದಿಂದ ಬಿಟ್ಟೇನಿ. ನನಗೇನ ಆಗೇತಿ ವೈನಿ, ಕಲ್ಲ ಇದ್ದಂಗ ಅದೇನಿ."

"ಅವರೂ ಹಂಗ ಅಂತಿದ್ರು."

ಕೃಷ್ಣವ್ವ ಬಿಪಿ ಯಂತ್ರ ತೆಗೆದಳು. ಈ ಸಲ ಜಿನೇಂದ್ರ ತಕರಾರು ಮಾಡದೆ ತೋಳು ಚಾಚಿದ. ಪಾದರಸ ನೂರಾ ತೊಂಬತ್ತರ ಹತ್ತಿರ ನಿಂತಿತು. "ನಾಳಿಗೆ ಅನಬ್ಯಾಡ್ರಿ, ಈಗ ಏಳ್ರಿ," ಅಂದಳು ಅವಳು. ಶಾಲನ ಚಪ್ಪಲಿ ಮೆಟ್ಟಿಕೊಂಡಳು. ಗಂಡ ಸತ್ತ ಮೇಲೆ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು. ಮೂವರೂ ಆಟೋ ಹತ್ತಿ ಸಾಂಗ್ಲಿಯಲ್ಲಿ ಅದೇ ಡಾಕ್ಟರ ದವಾಖಾನೆಗೆ ಹೋದರು.

ಡಾಕ್ಟರು ನೋಡಿದರು, ಮದ್ದು ಕೊಟ್ಟರು, ಸಂಜೆಯ ತನಕ ಅಲ್ಲೇ ಮಲಗಿಸಿಕೊಂಡರು. ರಾತ್ರಿ ನೀರು ಕುಡಿಯುವುದಿಲ್ಲ ಅಂತ ಶಾಲನ ಅಂಜುತ್ತ ಹೇಳಿದಳು. ಡಾಕ್ಟರು ಜಿನೇಂದ್ರನ ಚೀಟಿಯಲ್ಲಿದ್ದ 'ರಾತ್ರಿ'ಯ ಮೇಲೆ ಒಂದು ಗೆರೆ ಹೊಡೆದು ಪಕ್ಕದಲ್ಲಿ 'ಬೆಳಿಗ್ಗೆ' ಅಂತ ಬರೆದರು. ಈ ಗುಳಿಗೆಯನ್ನು ಬೆಳಿಗ್ಗೆಯೂ ತೆಗೆದುಕೊಳ್ಳಬಹುದು, ಕೇಳಿದ್ದರೆ ಆಗಲೇ ಹೇಳುತ್ತಿದ್ದೆ ಅಂದರು. ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಶಾಲನ ಆ ಚೀಟಿಯನ್ನೇ ಮತ್ತೆ ಮತ್ತೆ ಓದಿದಳು. ನೇಮದ ತಪ್ಪು ಏನೂ ಇರಲಿಲ್ಲ. ಗುಳಿಗೆಯ ತಪ್ಪೂ ಇರಲಿಲ್ಲ. ಒಂದು ಮಾತು ಕೇಳಿದ್ದರೆ ನೇಮವೂ ಉಳಿಯುತ್ತಿತ್ತು, ಮನುಷ್ಯನೂ ಉಳಿಯುತ್ತಿದ್ದ.

"ಈಗ ಬರಕೋರಿ ಬಾಯಿ," ಅಂದ ಜಿನೇಂದ್ರ ಹಾಸಿಗೆಯಿಂದಲೇ, ಕಣ್ಣೊರೆಸಿಕೊಂಡು. "ಬಿಪಿ ಇತ್ತು, ಗುಳಗಿ ಬಿಟ್ಟಿದ್ದ, ಲಕ್ವಾ ಹೊಡೀತು. ಇದ್ದದ್ದ ಇದ್ದಂಗ ಬರೀರಿ. ಮೃಣಾಲನ್ನ ನೋಡಾಕ ಬಂದವರಿಗೆ ನಾನ ಹೇಳ್ತೇನಿ."

ಕೃಷ್ಣವ್ವ ಬರೆದುಕೊಂಡಳು.

ಈ ಕಥೆ ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಒಬ್ಬ ಕೃಷ್ಣವ್ವ ಬಂದಾಳು. ಸತ್ತವರ ವಯಸ್ಸು ಕೇಳುತ್ತಾಳೆ, ಕಾರಣ ಕೇಳುತ್ತಾಳೆ. ಮುಚ್ಚಿಡಬೇಡಿ. ನೀವು ಬಚ್ಚಿಟ್ಟ ಕಾರಣ ನಿಮ್ಮ ಮನೆಯಲ್ಲೇ ಇನ್ನೊಬ್ಬರ ಮೈಯಲ್ಲಿ ಕುಳಿತಿರಬಹುದು. ಮೂವತ್ತು ದಾಟಿದವರು ಬಿಪಿ ನೋಡಿಸಿಕೊಳ್ಳಿ. ಉಪವಾಸ, ರೋಜಾ, ವ್ರತ ಏನೇ ಇರಲಿ, ಡಾಕ್ಟರಿಗೆ ಮೊದಲೇ ಹೇಳಿ. ಗುಳಿಗೆಯ ಹೊತ್ತು ಬದಲಿಸುವುದು ಅವರ ಕೆಲಸ, ನೀವಾಗಿ ಬಿಡಬೇಡಿ. ಶಾಲನ ಕೇಳಿದಳು, ತಿಂಗಳು ತಡವಾಗಿ. ಮೈದುನ ಉಳಿದ, ಗಂಡ ಉಳಿಯಲಿಲ್ಲ. ನೀವು ಇವತ್ತೇ ಕೇಳಿ.